ಕಲ್ಲುಬಾನಿಯ ಕೊರವ

ಎದುರು ಮನೆಯವರು ಮೀನಿನ ಗಾಜಿನ ತೊಟ್ಟಿಗೆ ನೀರು ಬದಲಾಯಿಸುವ ದಿನ ನಮ್ಮ ಜಗಲಿಯವರೆಗೂ ಪಾಚಿಯ ವಾಸನೆ ಬರುತ್ತದೆ. ನಿಮಗಾದರೆ ಮೂಗು ಮುಚ್ಚಿಕೊಂಡರೆ ಮುಗಿಯಿತು. ನನಗೆ ಕಿವಿ ಬಿಸಿಯಾಗುತ್ತದೆ.

ಐವತ್ತರ ದಶಕದ ಮಾತು. ರಾಜಾಜಿನಗರದಲ್ಲಿ ಆಗ ಮನೆಗಳಿಗಿಂತ ಸೈಟಿನ ಗಡಿಕಲ್ಲುಗಳೇ ಹೆಚ್ಚು. ಹೊಸದಾಗಿ ಮದುವೆಯಾದ ಗುಮಾಸ್ತ ನಾನು. ಮುದ್ದಪ್ಪನವರ ಹಿತ್ತಿಲ ಕಡೆಯ ಎರಡು ಕೋಣೆಗಳಲ್ಲಿ ಬಾಡಿಗೆಗಿದ್ದೆ. ಅವರ ಹೊಲ ಬಡಾವಣೆಗೆ ಹೋಗಿತ್ತು. ಹೊಲದ ಕೆಳಗಿನ ನೀರಿನ ಕಟ್ಟೆಗೂ ಮಣ್ಣು ಸುರಿದಿದ್ದರು. ಕೊನೆಗೆ ಉಳಿದ ಕೆಸರಿನಿಂದ ಮುದ್ದಪ್ಪನವರು ಒಂದು ಕೊರವ ಮೀನನ್ನು ಒದ್ದೆ ಟವೆಲಿನಲ್ಲಿ ಸುತ್ತಿ ತಂದು, ದನ ನೀರು ಕುಡಿಯುತ್ತಿದ್ದ ಕಲ್ಲುಬಾನಿಯಲ್ಲಿ ಬಿಟ್ಟಿದ್ದರು. ಸಾರಿಗಿರಬೇಕು ಅಂದುಕೊಂಡಿದ್ದೆ. ಮೀನು ತಿನ್ನುವವರು ಮೀನು ಸಾಕಿಯಾರೆಂಬುದು ಪುಳಿಚಾರು ಉಂಡು ಬೆಳೆದ ನನ್ನ ಬುದ್ಧಿಗೆ ಹೊಳೆಯಬೇಕಲ್ಲ! "ನಮ್ ಕಟ್ಟೇಲಿ ಉಳಿದೋನು ಇವ್ನೊಬ್ನೇ ಸ್ವಾಮಿ" ಅಂದಿದ್ದರು. ಬಾನಿಯ ಅಂಚಿಗೆ ಅವರು ಬೆರಳು ತಟ್ಟಿದರೆ ಅದು ಮೇಲೆ ಬರುತ್ತಿತ್ತು. ನೆಗೆಯುವ ಮೀನಾದ್ದರಿಂದ ಮೇಲೊಂದು ಹಲಗೆ ಸದಾ ಇರುತ್ತಿತ್ತು.

ಒಂದು ಭಾನುವಾರ ನಮ್ಮ ಮ್ಯಾನೇಜರು ಉಪ್ಪಿಟ್ಟಿಗೆ ಬರುವವರಿದ್ದರು. ಮನೆಯಲ್ಲಿದ್ದದ್ದು ಒಂದೇ ಕುರ್ಚಿ. ಮುದ್ದಪ್ಪನವರು ಕೆಂಗೇರಿಗೆ ಹೋಗಿದ್ದರು, ಸೊಸೆ ಲಕ್ಷ್ಮಮ್ಮ ಒಳಗೆ ಒಲೆ ಮುಂದಿದ್ದಳು. ಯಾರನ್ನೂ ಕೇಳದೆ ಹಲಗೆ ಎತ್ತಿ ತಂದು, ಇಟ್ಟಿಗೆಗಳ ಮೇಲಿಟ್ಟು, ಜಮಖಾನ ಹಾಸಿ ಬೆಂಚು ಮಾಡಿದೆ. ಮ್ಯಾನೇಜರು ಬೆಂಚನ್ನು ಹೊಗಳಿದರು. ನಾನು ಬೀಗಿದೆ.

ಅವರನ್ನು ಕಳಿಸಿ ಹಿತ್ತಿಲಿಗೆ ಬಂದರೆ, ಒಗೆಯುವ ಕಲ್ಲಿನ ಬಳಿ ಮೀನು ಬಿದ್ದಿತ್ತು. ಮೈಯೆಲ್ಲ ಧೂಳು, ಒಂದು ಪಕ್ಕ ತರಚಿ ಕೆಂಪಾಗಿತ್ತು. ಬಾಯಿ ಮಾತ್ರ ಮೆಲ್ಲಗೆ ಆಡುತ್ತಿತ್ತು. ನಾನು ಮೊದಲು ಎತ್ತಿದ್ದು ಮೀನನ್ನಲ್ಲ. ಒಳಗೋಡಿ ಹಲಗೆ ತಂದು ಬಾನಿಗೆ ಒರಗಿಸಿದೆ. ಆಮೇಲೆ "ಅಯ್ಯೋ, ಮೀನು!" ಎಂದು ಕೂಗಿದೆ.

ಲಕ್ಷ್ಮಮ್ಮ ಓಡಿ ಬಂದಳು. ಅಷ್ಟರಲ್ಲಿ ಕೆಂಗೇರಿಯಿಂದ ಮುದ್ದಪ್ಪನವರೂ ಬಂದರು. "ಹುಳ ಹಾಕ್ಬುಟ್ಟು ಹಲಗೆ ಮುಚ್ಚಲಿಲ್ವೇನೇ?"

"ಮುಚ್ಚಿದ್ದೆ ಮಾವ" ಅಂದಳು ಲಕ್ಷ್ಮಮ್ಮ. ಒರಗಿದ್ದ ಹಲಗೆಯನ್ನು ನೋಡಿದಳು. "ಮುಚ್ಚಿದ್ದೆ ಅಂದ್ಕೊಂಡೆ."

"ಇನ್ಮೇಲೆ ನೀನು ಬಾನಿ ತಾವ ಬರಬ್ಯಾಡ."

ಮುಂದಿನ ಐದು ದಿನ ನಾನೇ ಮೀನಿನ ದಾದಿ. ಹುಟ್ಟಿದಾಗಿನಿಂದ ಮೀನು ಮುಟ್ಟದ ಕೈ, ಅಂಗೈಯಲ್ಲಿ ಅದನ್ನು ಹಿಡಿದು ಧೂಳು ತೊಳೆಯಿತು. ನಲ್ಲಿ ನೀರಿಗೆ ಔಷಧದ ವಾಸನೆಯೆಂದು ಬಾವಿಯಿಂದ ಸೇದಿದೆ. ಮುದ್ದಪ್ಪನವರು ಹೇಳಿದಷ್ಟು ಕಲ್ಲುಪ್ಪು ಕರಗಿಸಿದೆ. ಬಿಸಿಲು ತಾಗದಂತೆ ಗೋಣಿ ಕಟ್ಟಿದೆ. ಮೀನು ತಳದಲ್ಲಿ ವಾಲಿಕೊಂಡೇ ಇತ್ತು. ಐದನೆಯ ದಿನ ಎರೆಹುಳು ಹಿಡಿದು ಬೆರಳು ತಟ್ಟಿದೆ. ಮೇಲೆದ್ದು ಬಂದು ನನ್ನ ಕೈಯಿಂದಲೇ ಕಚ್ಚಿಕೊಂಡಿತು. ಮುದ್ದಪ್ಪನವರ ಕಣ್ಣು ತುಂಬಿತು. "ದೊಡ್ಡ ಜೀವ ಸ್ವಾಮಿ ನಿಮ್ದು" ಅಂದರು. ಲಕ್ಷ್ಮಮ್ಮ ಬಾಗಿಲಲ್ಲೇ ನಿಂತು ನೋಡುತ್ತಿದ್ದಳು.

ಬೆಂಚಿನ ಗುಟ್ಟು ಬಲ್ಲ ನನ್ನಾಕೆ ಒಳಗೆ ಒಂದೇ ಮಾತು ಅಂದಳು: "ಹೋಗಿ ಆ ಹುಡುಗಿಗೆ ಹೇಳ್ಬಿಡಿ."

ಹೋದೆ. ಲಕ್ಷ್ಮಮ್ಮ ಬಟ್ಟೆ ಒಗೆಯುತ್ತಿದ್ದವಳು ಎದ್ದು ನಿಂತಳು. ನಾನು ಬಾಯಿ ತೆರೆಯುವ ಮೊದಲೇ, "ನಿಮ್ಮಿಂದ ಉಳೀತು ಸ್ವಾಮಿ. ನನ್ನ ಕೈಲಿ ಸತ್ತೇ ಹೋಗ್ತಿತ್ತು" ಅಂದಳು.

"ಇರಲಿ ಬಿಡಮ್ಮ" ಅಂದೆ.

ಹೌದು, ನಾನೇ ಅಂದದ್ದು. ಅವಳನ್ನು ಕ್ಷಮಿಸಿದವನ ಹಾಗೆ. ಮರುವರ್ಷ ಆ ಮನೆ ಬಿಟ್ಟೆವು. ಪುಳಿಚಾರಿನವನು ಮೀನಿಗೆ ಬಾಣಂತನ ಮಾಡಿದ ಕಥೆಯನ್ನು ಆಮೇಲೆ ಎಷ್ಟೋ ಕಡೆ ಹೇಳಿ ನಗಿಸಿದ್ದೇನೆ. ಹಲಗೆಯ ಸುದ್ದಿಯನ್ನು ಮಾತ್ರ ಎಲ್ಲೂ ಎತ್ತಲಿಲ್ಲ.

ಇವತ್ತು ಇಲ್ಲಿಯವರೆಗೆ ಬರೆದು ನನ್ನಾಕೆಗೆ ಓದಿ ಹೇಳಿದೆ.

"ನನಗೆ ಓದಿ ಏನುಪಯೋಗ? ಲಕ್ಷ್ಮಮ್ಮ ಇನ್ನೂ ಅದೇ ಬೀದೀಲಿದಾರೆ."

ಎದ್ದು ಅಂಗಿ ತೊಟ್ಟಿದ್ದೇನೆ. ಬಸ್ಸು ಸಿಕ್ಕರೆ ಕತ್ತಲಾಗುವ ಮೊದಲೇ ತಲುಪುತ್ತೇನೆ.