ಫ್ಲೆಕ್ಸ್‌ನಲ್ಲಿ ಊದಿದ ಕಣ್ಣು

ಹುಣಸೂರಿನ ನನ್ನ ಫ್ಲೆಕ್ಸ್ ಅಂಗಡಿಗೆ ಯಾರೇ ಫೋಟೊ ತಂದರೂ ಮೊದಲು ಮುಖ ಬೆಳ್ಳಗೆ ಮಾಡಿ ಕಲೆ ತೆಗೆದುಬಿಡುತ್ತೇನೆ. ಅವರನ್ನು ಕೇಳುವುದೂ ಇಲ್ಲ, ಕೈಗೆ ಅಭ್ಯಾಸವಾಗಿಹೋಗಿದೆ. ಅವತ್ತು ಬೆಟ್ಟದಪುರದ ಕಡೆಯ ರೈತರೊಬ್ಬರು ಮಗಳನ್ನು ಕರೆದುಕೊಂಡು ಬಂದರು. ಬಾಕ್ಸಿಂಗ್‌ನಲ್ಲಿ ರಾಜ್ಯಕ್ಕೇ ಚಾಂಪಿಯನ್ ಆದ ಹುಡುಗಿ. ಫೋಟೊದಲ್ಲಿ ಕೊರಳಿಗೆ ಚಿನ್ನದ ಪದಕವಿತ್ತು, ಎಡಗಣ್ಣು ಊದಿ ಮುಚ್ಚಿಹೋಗಿತ್ತು. ನಾನು ಕಂಪ್ಯೂಟರಿನಲ್ಲಿ ಬಲಗಣ್ಣನ್ನೇ ಕಾಪಿ ಮಾಡಿ, ತಿರುಗಿಸಿ ಎಡಕ್ಕೆ ಕೂರಿಸಿ ತೋರಿಸಿದೆ.

ಅಪ್ಪನಿಗೆ ಖುಷಿಯಾಯಿತು. ಹುಡುಗಿ ಮಾತ್ರ, "ಅಣ್ಣ, ನನ್ ಕಣ್ಣು ವಾಪಸ್ ಹಾಕಿ" ಅಂದಳು.

"ಬುಡವ್ವ, ಇದು ಸರ್ಕಲ್ಲಲ್ಲಿ ಕಟ್ಟೋದು. ನಾಳೆ ಗಂಡಿನ ಕಡೆಯೋರು ನೋಡುದ್ರೆ ಏನಂದಾರು?" ಅಂದರು ಅಪ್ಪ.

ಅವಳು ದನಿ ಏರಿಸಲಿಲ್ಲ. "ಕಾಲೇಜಲ್ಲಿ ಗುಂಡು ಎಸೀತಿದ್ದೋಳ್ಗೆ ಪಿ.ಟಿ. ಮೇಷ್ಟ್ರು ಗ್ಲೌಸ್ ಹಾಕ್ಸುದ್ರು. ಮೊದಲ್ನೇ ವರ್ಷ ಎಲ್ಲಾ ಸೋತೆ ಕಣಪ್ಪ. ಆಗ ಮುಖದ್ ಮೇಲೆ ಒಂದ್ ಗೀರೂ ಇರ್ಲಿಲ್ಲ. ಏಟಿಗೆ ಹೆದ್ರಿ ಹಿಂದ್‌ಹಿಂದಕ್ಕೇ ಹೋಗ್ತಿದ್ದೆ. ಮುಂದಕ್ ಹೋಗೋದ್ ಕಲ್ತ್ ಮೇಲೆ ಆಗಿದ್ದು ಇದು."

ಅಪ್ಪ ಕುರ್ಚಿಯನ್ನು ಕಂಪ್ಯೂಟರಿನ ಹತ್ತಿರಕ್ಕೆ ಎಳೆದುಕೊಂಡರು. "ಅಂಗಾರೆ ಹಾಕ್ಬುಡಿ ಸ್ವಾಮಿ" ಅಂದರು. ಆಮೇಲೆ, "ಆ ಕಣ್ಣು ಒಸಿ ದೊಡ್ಡದಾಗೇ ಕಾಣ್ಲಿ."

ಹಾಗೇ ಪ್ರಿಂಟ್ ಹಾಕಿ ಕೊಟ್ಟೆ. ಫ್ಲೆಕ್ಸ್ ಈಗಲೂ ಅವರೂರ ಸರ್ಕಲ್ಲಿನಲ್ಲಿದೆ. ಅವಳ ಚಿತ್ರದ ಕೆಳಗೆ ಶುಭ ಕೋರುವ ಹದಿನಾಲ್ಕು ಮಂದಿ ಮುಖಂಡರ ಫೋಟೊಗಳಿವೆ. ಎಲ್ಲರ ಮುಖವೂ ಬೆಣ್ಣೆ ಸವರಿದ ಹಾಗೆ ನುಣ್ಣಗಿದೆ. 'ನನ್ನ ಮುಖ ವಾಪಸ್ ಹಾಕಿ' ಅಂತ ಅವರಲ್ಲಿ ಒಬ್ಬರೂ ಈವರೆಗೆ ಅಂಗಡಿಗೆ ಬಂದಿಲ್ಲ.