ಹುಣಸೆಬೀಜದ ಓಟು

ಹಿತ್ತಲ ಬಾಗಿಲಲ್ಲಿ ಕುಳಿತು ಹೆಂಡತಿ ಹುಣಸೆಹಣ್ಣು ಬಿಡಿಸುತ್ತಿದ್ದಾಳೆ. ಬೀಜ ತಟ್ಟೆಗೆ ಬೀಳುವ ಸದ್ದಿಗೆ ಇಂದಿಗೂ ನನ್ನ ಬೆನ್ನು ತಣ್ಣಗಾಗುತ್ತದೆ. ಈ ವಯಸ್ಸಿನಲ್ಲಿ ಹುಣಸೆಬೀಜಕ್ಕೆ ಹೆದರುವುದೇ ಎಂದು ನೀವು ನಗಬಹುದು. ನಗಿ, ಆದರೆ ಪೂರ್ತಿ ಕೇಳಿ.

ಎಪ್ಪತ್ತರ ದಶಕದ ಮಾತು. ಮಂಡ್ಯ ಪೇಟೆಯವನಾದ ನನ್ನನ್ನು ಮಳವಳ್ಳಿ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಗೆ ಹಾಕಿದರು. ಶಿವನಸಮುದ್ರದ ಕರೆಂಟು ಆ ಊರಿನ ತಲೆಯ ಮೇಲೆ ಹಾದುಹೋಗುತ್ತಿತ್ತೇ ಹೊರತು ಕೆಳಗಿಳಿದಿರಲಿಲ್ಲ. ಗಂಡ ಸತ್ತ ಮೇಲೂ ಬೇಸಾಯ ನಡೆಸುತ್ತಿದ್ದ ತಾಯಮ್ಮನವರು ಮುಂದಿನ ಕೋಣೆಯನ್ನು ನನಗೆ ಬಾಡಿಗೆಗೆ ಕೊಟ್ಟರು. ಮನೆಯಲ್ಲಿ ತಾವು, ಮದುವೆಗೆ ಬಂದ ಮಗಳು, ಇಬ್ಬರೇ ಎಂದಿದ್ದರು. ಒಳಗೆ ಮೂರು ಹೊತ್ತೂ ಸಾಂಬ್ರಾಣಿ ಹೊಗೆ. ಎಂಥ ದೈವಭಕ್ತರು ಎಂದು ಊರಿಗೆಲ್ಲ ಹೊಗಳಿಕೊಂಡು ತಿರುಗಿದೆ. ನನ್ನ ಬುದ್ಧಿ ಓಡಿದ್ದು ಅಷ್ಟೇ ದೂರ.

ಒಂದು ಮಧ್ಯಾಹ್ನ ಇಬ್ಬರೂ ಗದ್ದೆಗೆ ಹೋಗಿದ್ದಾಗ ಗೋಡೆಯಾಚೆಯಿಂದ ದನಿ ಬಂತು: “ಮೇಷ್ಟ್ರೇ, ಒರಗೆ ಬಿಸ್ಲೈತಾ?”

ಬೀದಿಗೆ ಓಡಿದೆ. ಸಂಜೆ ತಾಯಮ್ಮನನ್ನು ಕೇಳಿದರೆ, “ನಮ್ಮನೇಲಿ ಇನ್ಯಾರವ್ರೆ? ಇಲಿ ಕಣಪ್ಪಾ” ಎಂದರು. ಇಲಿ ಬಿಸಿಲನ್ನು ವಿಚಾರಿಸುತ್ತದೆಯೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ.

ಆ ಬೇಸಿಗೆಯಲ್ಲಿ ಒಬ್ಬ ಹೊಸ ಡಾಕ್ಟರು ನರ್ಸಮ್ಮನೊಂದಿಗೆ ಬಂದು ಶಾಲೆಯಲ್ಲಿ ಸಭೆ ಸೇರಿಸಿದರು. ಕ್ಯಾನ್ಸರ್ ರೋಗಿಗಳಿಗೆ ಬೆಂಗಳೂರಿಗೆ ಹೋಗಲು ವ್ಯಾನು, ಮಂಡ್ಯದ ಆಸ್ಪತ್ರೆಯಲ್ಲಿ ಮಂಚ, ಇಲ್ಲವೇ ಮನೆಗೇ ಬಂದು ಹುಣ್ಣು ತೊಳೆದು ನೋವಿಗೆ ಮಾತ್ರೆ ಕೊಡುವ ನರ್ಸು. ಎಲ್ಲವೂ ಒಟ್ಟಿಗೆ ಆಗದು, ಮೊದಲು ಯಾವುದು ಬೇಕೆಂದು ನೀವೇ ಹೇಳಿ ಎಂದರು. ಮನೆಯಲ್ಲಿ ಕಾಯಿಲೆಯಿರುವವರು ಕೈಯೆತ್ತಿ ಎಂದರು. ಒಂದು ಕೈಯೂ ಏಳಲಿಲ್ಲ. ಅಲ್ಲಿ ಆ ಕಾಯಿಲೆಯ ಹೆಸರನ್ನೇ ಯಾರೂ ಎತ್ತುತ್ತಿರಲಿಲ್ಲ. ಎತ್ತಿದರೆ ಅದು ಬಂದು ಕೂರುತ್ತದೆ, ಮನೆಯ ಹೆಣ್ಣಿಗೆ ಗಂಡು ಸಿಗುವುದಿಲ್ಲ ಎಂಬ ಭಯ.

ನರ್ಸಮ್ಮ ಉಪಾಯ ಮಾಡಿದರು. ಮಾರನೆಯ ದಿನ ಮುಚ್ಚಿದ ಕೊಠಡಿಯಲ್ಲಿ ಮೂರು ಕುಡಿಕೆ ಇಡುವುದೆಂದಾಯಿತು. ಎಲ್ಲ ಮನೆಯವರೂ ಒಬ್ಬೊಬ್ಬರಾಗಿ ಒಳಗೆ ಹೋಗಬೇಕು; ಕಾಯಿಲೆಯಿರುವ ಮನೆಯವರು ಮಾತ್ರ ತಮಗೆ ಬೇಕಾದ ಕುಡಿಕೆಗೆ ಒಂದು ಹುಣಸೆಬೀಜ ಹಾಕಬೇಕು. ಗುರುತಿಗೆ ವ್ಯಾನು, ಮಂಚ, ಮನೆಯ ಚಿತ್ರಗಳನ್ನು ನಾನೇ ಬರೆದೆ. ವ್ಯಾನು ಎಮ್ಮೆಯಂತಿದೆ ಎಂದು ನರ್ಸಮ್ಮ ನಕ್ಕರು.

ಬೆಳಿಗ್ಗೆ ಮನೆಯಲ್ಲಿ ಇದನ್ನೆಲ್ಲ ವಿವರಿಸಿದರೆ, “ನಮ್ಗ್ಯಾಕೆ ಅದೆಲ್ಲ” ಎಂದು ತಾಯಮ್ಮ ಮಗಳನ್ನು ಕರೆದುಕೊಂಡು ಗದ್ದೆಗೆ ಹೊರಟುಹೋದರು. ನಾನು ಶಾಲೆಗೆ ಹೊರಡುವಾಗ ಒಳಬಾಗಿಲ ಕೆಳಗಿನ ಸಂದಿಯಿಂದ ಎರಡು ಬೆರಳು ಹೊರಬಂದವು. ನಡುವೆ ಒಂದು ಹುಣಸೆಬೀಜ.

“ನಂದೂವೆ ಆಕ್ಬುಡಿ ಮೇಷ್ಟ್ರೇ. ಬೆಂಗ್ಳೂರು ಬ್ಯಾಡ. ಮನೆಗ್ ಬರೋರು ಬೇಕು. ನೋವು ತಡ್ಕೊಳಾಕಾಗಕಿಲ್ಲ.”

ಬೀಜ ಬೆಚ್ಚಗಿತ್ತು. ತೆಗೆದುಕೊಂಡು ಹೋಗಿ ಮನೆಯ ಚಿತ್ರದ ಕುಡಿಕೆಗೆ ಹಾಕಿದೆ.

ಸಂಜೆ ಎಲ್ಲರೆದುರು ಕುಡಿಕೆಗಳನ್ನು ಬೋರಲು ಹಾಕಿದರು. ಮಂಚದ್ದು ಖಾಲಿ, ವ್ಯಾನಿನದರಲ್ಲಿ ಎರಡೋ ಮೂರೋ. ಮನೆಯ ಕುಡಿಕೆಯಿಂದ ಮಾತ್ರ ಬೀಜ ಸುರಿಯುತ್ತಲೇ ಹೋಯಿತು. ನೆರೆದವರು ಒಬ್ಬರನ್ನೊಬ್ಬರು ನೋಡುವುದು, ಕಣ್ಣು ತಪ್ಪಿಸುವುದು. ನಾನು ದಿನಾ ಓಡಾಡುವ ಬೀದಿಯ ಗೋಡೆಗಳ ಹಿಂದೆ ಇಷ್ಟು ಜನ ಮಲಗಿದ್ದಾರೆಯೇ!

ಮುಂದಿನ ವಾರ ನರ್ಸಮ್ಮ ಔಷಧದ ಚೀಲ ಹಿಡಿದು ಬಂದರು. ಬೀಜದ ಮೇಲೆ ಹೆಸರಿಲ್ಲವಲ್ಲ! ನಾನೂ ಜೊತೆಗೆ ಹೋದೆ. ಬೀದಿಯುದ್ದಕ್ಕೂ ಬಾಗಿಲು ತಟ್ಟಿದೆವು. “ನಮ್ಮನೇಲಿ ಯಾರೂ ಇಲ್ಲ ಕಣಮ್ಮ, ಮುಂದ್ಕೋಗಿ.” ಮನೆ ಮನೆಯಲ್ಲೂ ಅದೇ ಮಾತು, ಬಾಗಿಲ ಸಂದಿಯಿಂದ ಹುಣ್ಣಿನ ವಾಸನೆ ಮುಚ್ಚುವ ಅದೇ ಸಾಂಬ್ರಾಣಿ. ಕೊನೆಗೆ ನಮ್ಮ ಮನೆಯ ಮುಂದೆ ತಾಯಮ್ಮ ಅಡ್ಡ ನಿಂತರು.

“ನಾಳೆ ಕೊಪ್ಪದೋರು ಎಣ್ಣು ನೋಡಾಕೆ ಬತ್ತಾವ್ರೆ. ಸಂಬಂದ ಕೆಡಸ್ಬ್ಯಾಡಿ, ನಿಮ್ಮ ಕಾಲಿಗ್ ಬೀಳ್ತೀನಿ.”

ಆಗ ಒಳಗಿನಿಂದ ದನಿ ಬಂತು, ಬೀದಿಗೆಲ್ಲ ಕೇಳುವಂತೆ: “ನಾನಿವ್ನಿ ಕಣಮ್ಮ! ದೇವೀರಮ್ಮ, ಇವಳ ನಾದಿನಿ! ಇನ್ನೂ ಬದ್ಕಿವ್ನಿ!”

ತಾಯಮ್ಮ ಹೊಸ್ತಿಲ ಮೇಲೆ ಕುಸಿದು ಅತ್ತರು. ನರ್ಸಮ್ಮ ಅವರ ಭುಜ ಮುಟ್ಟಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಎದುರು ಮನೆಯ ಅಗುಳಿ ಸರಿದ ಸದ್ದಾಯಿತು. ಆಮೇಲೆ ಅದರ ಪಕ್ಕದ ಮನೆಯದು. ಕೊಪ್ಪದವರು ಬರಲಿಲ್ಲ. ದೇವೀರಮ್ಮ ಸುಗ್ಗಿಯವರೆಗೆ ಇದ್ದರು, ರಾತ್ರಿ ನಿದ್ದೆ ಮಾಡುತ್ತಿದ್ದರು.

ಹೋದ ವಾರ ಡಾಕ್ಟರು ನನಗೂ ಆ ಹೆಸರು ಹೇಳಿದರು. ಯಾರಿಗೂ ಗೊತ್ತಾಗುವುದು ಬೇಡ ಎಂದು ಹೆಂಡತಿ ದಾರಿಯುದ್ದಕ್ಕೂ ಅತ್ತಳು. ಇಗೋ, ಪಕ್ಕದ ಮನೆಯಾಕೆ ಗೇಟಿನ ಹತ್ತಿರ ಕೂಗುತ್ತಿದ್ದಾರೆ: “ಮೇಷ್ಟ್ರು ಕಾಣಿಸ್ತಾನೇ ಇಲ್ವಲ್ಲ, ಊರಲ್ಲಿಲ್ವಾ?” ಹೆಂಡತಿ ಬಾಯಿ ತೆರೆಯುವ ಮೊದಲೇ ನಾನು ಎದ್ದು ಹೋಗಿ ಬಾಗಿಲು ತೆರೆದೆ.

“ಇಲ್ಲೇ ಇದ್ದೀನಿ ಕಣಮ್ಮ. ನನಗೆ ಕ್ಯಾನ್ಸರ್ ಆಗಿದೆ. ಒಳಗೆ ಬನ್ನಿ.”