ಲಕ್ಷ್ಮಕ್ಕನ ಮನೆಯ ಬಾಗಿಲು

ಖುದ್ದೂಸ್ ಸಾಬರು ಚಳ್ಳಕೆರೆಯ ಎಣ್ಣೆ ಮಿಲ್ಲೊಂದರ ಪಕ್ಕ ಹಳೆಯ ಬಾಗಿಲು, ಕಿಟಕಿ ಮಾರುತ್ತಿದ್ದರು. 2003ರಲ್ಲಿ ಒಂದು ದಿನ ಅವರನ್ನು ನಿರ್ಮಲಾ ಕರೆಸಿಕೊಂಡರು. ನಿವೃತ್ತ ನರ್ಸ್ ಆಗಿದ್ದ ಆಕೆ ಊರಾಚೆಯ ಮನೆಯೊಂದರಲ್ಲಿ ಮರೆವಿನ ಕಾಯಿಲೆಯ ಎಂಟು ಮಂದಿ ಮುದುಕರನ್ನು ನೋಡಿಕೊಳ್ಳುತ್ತಿದ್ದರು. ಎಂಟು ಕೋಣೆಗೂ ಒಂದೇ ತರಹದ ಹಸಿರು ಬಾಗಿಲು. ಯಾರು ಯಾರ ಮಂಚದಲ್ಲಿ ಮಲಗಿರುತ್ತಾರೋ ಹೇಳುವಂತಿರಲಿಲ್ಲ.

"ಎಲ್ಲಾ ಬಾಗ್ಲಿಗೂ ಹೊರಗಡೆ ಚಿಲ್ಕ ಹಾಕ್ಕೊಡ್ರಿ ಸಾಬ್ರೆ."

ಖುದ್ದೂಸರು ಚಿಲಕಗಳನ್ನು ಚೀಲದಿಂದ ತೆಗೆಯಲೇ ಇಲ್ಲ. "ಮನುಷ್ಯರನ್ನ ಕೂಡಿಹಾಕೋ ಕೆಲ್ಸ ನಂಗೆ ಬರಲ್ಲ ಮೇಡಂ. ಅವರವರ ಮನೆ ಬಾಗ್ಲು ತಂದು ಹಾಕ್ತೀನಿ. ಗುರ್ತು ಸಿಗ್ತೈತೆ."

ಮೊದಲು ದೇವಸಮುದ್ರಕ್ಕೆ, ಆ ಎಂಟು ಮಂದಿಯಲ್ಲಿ ಒಬ್ಬಳಾದ ಲಕ್ಷ್ಮಕ್ಕನ ಮನೆಗೆ ಹೋದರು. ಹೊಸ ಬಾಗಿಲು ಕೊಟ್ಟರೆ ಆಗಬಹುದು ಎಂದು ಮಗ ಗೋವರ್ಧನ ಹಳೆಯದನ್ನು ಚೌಕಟ್ಟಿನ ಸಮೇತ ಕಿತ್ತುಕೊಟ್ಟ. ಅದು ಬಸ್ಸಿನ ಟಾಪಿನ ಮೇಲೆ ಬಂತು. ಕೂರಿಸಿದರೆ ಭುಜದೆತ್ತರ ಮಾತ್ರ ಇತ್ತು. ಮೇಲಿನ ಜಾಗವನ್ನು ಇಟ್ಟಿಗೆಯಿಂದ ಮುಚ್ಚಬೇಕಾಯಿತು.

ಲಕ್ಷ್ಮಕ್ಕ ಬಾಗಿಲನ್ನು ತಡವಿ ನೋಡಿದಳು. ಗುರುತು ಹತ್ತಿತು. ಆದರೆ ಒಳಗೆ ಹೋಗಲಿಲ್ಲ. ಕದ ತಟ್ಟಿ, "ಅತ್ತೆಮ್ಮ, ಬಾಗ್ಲು ತೆಗಿ," ಎಂದು ಕಾಯುತ್ತಾ ನಿಂತಳು. ಅತ್ತೆ ಸತ್ತು ಮೂವತ್ತು ವರ್ಷವಾಗಿತ್ತು. ನಿರ್ಮಲಾ ಕದ ತಳ್ಳಿ ತೋರಿಸಿದರು. "ಕೇಳ್ದೆ ಒಳಗೋದ್ರೆ ಬೈತಾಳೆ," ಎಂದು ಲಕ್ಷ್ಮಕ್ಕ ಅದನ್ನು ಮತ್ತೆ ಎಳೆದುಕೊಂಡಳು.

ಒಂದು ಗಂಟೆ ಕಳೆಯಿತು. ಕೊನೆಗೆ ಖುದ್ದೂಸರೇ ಹಿಂದಿನ ಕಿಟಕಿಯ ಸರಳು ಬಿಚ್ಚಿ ಕೋಣೆಯೊಳಕ್ಕೆ ಇಳಿದರು.

"ಎಲ್ಲಿಗೆ ಹೋಗಿದ್ದೆ ಇಷ್ಟೊತ್ತು?" ಎಂದು ಒಳಗಿನಿಂದ ಗದರಿದರು.

"ಶೇಂಗಾ ಬಿಡಿಸೋಕೆ, ಅತ್ತೆಮ್ಮ."

ಅವರು ಬಾಗಿಲು ತೆಗೆದರು. ಸೆರಗು ಹೊದ್ದು ಬಗ್ಗಿ ಒಳಬಂದ ಲಕ್ಷ್ಮಕ್ಕ ಅವರ ಗಡ್ಡವನ್ನು ಒಂದು ಗಳಿಗೆ ದಿಟ್ಟಿಸಿದಳು. "ಬಾಳ ಸೊರಗಿದೀಯ," ಎಂದು ಹೇಳಿ, ತನ್ನ ಮಂಚದ ಮೇಲೆ ಹೋಗಿ ಕೂತಳು.

ಅಂದಿನಿಂದ ಖುದ್ದೂಸರು ದಿನಾ ಸಂಜೆ ನಮಾಜು ಮುಗಿಸಿ ಬಂದು ಅತ್ತೆಯಾಗತೊಡಗಿದರು. ಸೊಸೆಯನ್ನು ತೀರಾ ಗದರಿಸಬೇಡಿ ಎಂದು ಹೆಂಡತಿ ಫರ್ಜಾನಾ ಹೇಳಿ ಕಳಿಸುತ್ತಿದ್ದಳು.

ಎರಡು ವರ್ಷದಲ್ಲಿ ಇನ್ನೂ ಆರು ಬಾಗಿಲು ಬಂದವು. ಒಬ್ಬರ ಕೋಣೆಗೆ ಇನ್ನೊಬ್ಬರು ನುಗ್ಗುವುದು ನಿಂತಿತು. ಉಳಿದವನು ಸಿದ್ದಾಪುರದಲ್ಲಿ ಕುರಿ ಕಾಯುತ್ತಿದ್ದ ಕೊಟ್ಟೂರಪ್ಪ. ಅವನ ಮನೆಗೆ ಬಾಗಿಲೇ ಇರಲಿಲ್ಲ, ಗೋಣಿತಾಟು ಇಳಿಬಿಟ್ಟಿದ್ದರು. ಖುದ್ದೂಸರು ಅದನ್ನೇ ತಂದು ಕಟ್ಟಿದರು.

ಆಮೇಲೊಮ್ಮೆ ತಪಾಸಣೆಗೆ ಬಂದ ಅಧಿಕಾರಿಯೊಬ್ಬರು ಎರಡು ಬಾಗಿಲಿಗೆ ತಲೆ ಹೊಡೆಸಿಕೊಂಡು, ಸಿಟ್ಟಿನಲ್ಲೇ ಆ ಗೋಣಿತಾಟನ್ನು ಸರಿಸಿದರು.

"ಮೆಟ್ಟು ಬಿಟ್ಟು ಬರ್ರಿ," ಎಂದ ಒಳಗಿದ್ದ ಕೊಟ್ಟೂರಪ್ಪ.

ಅಧಿಕಾರಿ ಬಗ್ಗಿ ಬೂಟಿನ ದಾರ ಬಿಚ್ಚತೊಡಗಿದರು.